ಸಾಬಣ್ಣನ ನಾಲ್ಕು ಗಾಲಿ

ಮಾನ್ವಿಯಲ್ಲಿ ಈಗಲೂ ಕೆಲವರು ನನ್ನ ಅಕ್ಕನ ಗಂಡ ಸಾಬಣ್ಣನನ್ನು ‘ಕಾರಿನ ಹುಚ್ಚ’ ಎಂದು ನೆನೆಸಿಕೊಂಡು ನಗುತ್ತಾರೆ. ಅವರ ಬಾಯಿಗೆ ಮಣ್ಣು ಬೀಳಲಿ. ಸಾಬಣ್ಣ ಮಾವನಿಗೆ ಹುಚ್ಚಿರಲಿಲ್ಲ, ಸಿಟ್ಟಿತ್ತು. ಚಹಾ ಆರಿದ್ದರೆ ಸಿಟ್ಟು, ನಟ್ಟು ಬಿಚ್ಚುವ ಪಾನಾ ಇಟ್ಟ ಜಾಗದಲ್ಲಿ ಇರದಿದ್ದರೆ ಸಿಟ್ಟು, ಗಿರಾಕಿ ಹಲ್ಲು ಗಿಂಜುತ್ತ ‘ಸ್ವಲ್ಪ ನೋಡಪಾ’ ಎಂದರೆ ಇನ್ನೂ ಸಿಟ್ಟು. ಪೋತ್ನಾಳದ ಕುರಿಗಾರರ ಮನೆಯಲ್ಲಿ ಹುಟ್ಟಿದವನು ಕುರಿಯ ಹಿಂದೆ ಹೋಗಲು ಒಲ್ಲೆನೆಂದು ಟ್ರ್ಯಾಕ್ಟರು, ಪಂಪುಗಳ ರಿಪೇರಿ ಕಲಿತು ಮಾನ್ವಿಯಲ್ಲಿ ತಗಡಿನ ಶೆಡ್ ಹಾಕಿದ್ದ. ನಾನು ಆಗ ಬಸ್ ಕಂಡಕ್ಟರ್. ಮಾನ್ವಿಯಲ್ಲಿ ವಸ್ತಿ ಬಿದ್ದಾಗಲೆಲ್ಲ ಊಟ, ನಿದ್ದೆ ಅವರ ಮನೆಯಲ್ಲೇ.

ನನ್ನ ಅಕ್ಕ ಯಮನಮ್ಮನೂ ಏನು ಕಡಿಮೆಯವಳಲ್ಲ. ಅವರಿಬ್ಬರೂ ಮಾತಾಡುವುದೆಂದರೆ ಜಗಳವೇ. ಒಂದು ಹೊತ್ತು ಜಗಳ ನಿಂತರೆ ಓಣಿಯವರು ಯಾರಿಗೋ ಹುಷಾರಿಲ್ಲವೆಂದು ಬಂದು ಬಾಗಿಲಲ್ಲಿ ಇಣುಕುತ್ತಿದ್ದರು.

ಕಾರು ದೇವದುರ್ಗದ ಉರುಕುಂದಪ್ಪ ಸಾಹುಕಾರನದು. ಎರಡೇ ಸೀಟಿನ, ಉದ್ದ ಮೂತಿಯ, ಮೇಲೆ ಚಾವಣಿ ಇಲ್ಲದ ಎಂ.ಜಿ. ಕಾರು. ನಿಜಾಮರ ಕಾಲದಲ್ಲಿ ಯಾರೋ ಅಧಿಕಾರಿ ಊರು ಬಿಡುವಾಗ ಸಾಹುಕಾರನ ಅಪ್ಪ ಅದನ್ನು ಕೊಂಡಿದ್ದನಂತೆ. ಅದರ ಗಾಲಿಗಳಿಗೆ ಸೈಕಲ್ಲಿಗಿರುವಂತೆ ತಂತಿಯ ಕಡ್ಡಿಗಳು. ನಮ್ಮ ಎರೆನೆಲದ ದಾರಿಯ ಗುಂಡಿಗಳಲ್ಲಿ ಆ ಕಡ್ಡಿಗಳು ಎಷ್ಟು ದಿನ ಬಾಳಿಯಾವು? ಮುರಿದವು, ತುಕ್ಕು ಹಿಡಿದವು, ಕಾರು ದನದ ಕೊಟ್ಟಿಗೆ ಸೇರಿತು. ಮಾವ ಸಾಹುಕಾರನ ಟ್ರ್ಯಾಕ್ಟರ್ ರಿಪೇರಿಗೆಂದು ಹೋದಾಗ ಅದರ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಮಾವ ಟ್ರ್ಯಾಕ್ಟರ್ ಚಾಲೂ ಮಾಡಿ, ಕೈ ತೊಳೆಯುವುದನ್ನೂ ಮರೆತು ಕಾರಿನ ಮುಂದೆ ನಿಂತುಬಿಟ್ಟ.

ಕಟ್ಟೆಯ ಮೇಲೆ ಹತ್ತಾರು ಮಂದಿ ಕೂತಿದ್ದರು. ಸಾಹುಕಾರನಿಗೆ ತಮಾಷೆ ಮಾಡುವ ಹುಕಿ ಬಂತು.

‘ಏನ್ಲೇ ಸಾಬ್ಯಾ, ಕನ್ಯಾ ನೋಡಿದಂಗ ನೋಡಾಕತ್ತೀ? ಬೇಕೇನು? ಒಯ್ದುಬಿಡು. ಇವತ್ತಿಂದ ಅದು ನಿಂದು.’

‘ಖರೇನ್ರಿ ಸಾಹುಕಾರ್ರ?’

‘ನಾ ಒಮ್ಮಿ ಕೊಟ್ಟೆ ಅಂದ್ರ ಕೊಟ್ಟೆ. ನನ್ನ ಕೊಟ್ಟಿಗಿ ಖಾಲಿ ಆಗ್ತದ.’

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಮರುದಿನವೇ ಪೋತ್ನಾಳದಿಂದ ತಮ್ಮನ ಬಂಡಿ ತರಿಸಿ, ಕಾರನ್ನು ಅದರ ಮೇಲೆ ಹೇರಿಕೊಂಡು, ತಾನು ಪಕ್ಕದಲ್ಲಿ ನಡೆಯುತ್ತ ಮಾನ್ವಿಗೆ ತಂದ. ಅಕ್ಕ ಅಂಗಳದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

‘ಮನ್ಯಾಗ ಜ್ವಾಳ ಇಡಾಕ ಜಾಗ ಇಲ್ಲ. ಇದನ್ನ ಎಲ್ಲಿ ಇಡ್ತೀ, ನನ್ನ ತಲಿ ಮ್ಯಾಲ?’

‘ನಿನ್ನ ಇದರಾಗ ಕುಂದ್ರಿಸಿಕೊಂಡು ರಾಯಚೂರಿಗೆ ಒಯ್ತೀನಿ ನೋಡು. ತೀನ್ ಕಂದೀಲ್ ಚೌಕದಾಗ ಹಾದು ಹೋಗೂಣು, ಹಾಡೇ ಹಗಲ.’

ಅಕ್ಕ ಬೈಯಲು ಬಾಯಿ ತೆರೆದವಳು ಹಾಗೇ ಒಳಗೆ ಹೋದಳು. ಅವಳ ಮದುವೆಯಾದಾಗಿನಿಂದ ಅವಳು ರಾಯಚೂರಿಗೆ ಹೋಗಿದ್ದೆಲ್ಲ ಭತ್ತದ ಲಾರಿಯ ಚೀಲಗಳ ಮೇಲೆ ಕೂತು.

ಇಂಜಿನ್ನು ಮಾವನ ಕೈಗೆ ಬೇಗ ಬಗ್ಗಿತು. ಬಗ್ಗದ್ದು ಗಾಲಿ. ಕಡ್ಡಿಗಾಲಿ ಹೊಸದು ಬೇಕೆಂದರೆ ಬೊಂಬಾಯಿಗೆ ಹೋಗಬೇಕು, ಅಲ್ಲಿಯೂ ಸಿಗುವ ಖಾತ್ರಿಯಿಲ್ಲ. ನಮ್ಮಲ್ಲೋ ರಾಯಚೂರಿನ ಬಸ್ ಚಾರ್ಜಿಗೇ ಯೋಚಿಸುವ ಪರಿಸ್ಥಿತಿ. ಮಾವ ರಾಯಚೂರಿನ ಗುಜರಿಯಲ್ಲಿ ಅಪಘಾತವಾಗಿ ಬಿದ್ದಿದ್ದ ಒಂದು ಅಂಬಾಸಿಡರ್ ಟ್ಯಾಕ್ಸಿ ಹುಡುಕಿದ. ಗುಜರಿಯವನ ಡೀಸೆಲ್ ಇಂಜಿನ್ ರಿಪೇರಿ ಮಾಡಿಕೊಟ್ಟು, ಅದರ ಬದಲಿಗೆ ಆ ಟ್ಯಾಕ್ಸಿಯ ನಾಲ್ಕು ಗಾಲಿ ಬಿಚ್ಚಿಕೊಂಡ. ನನ್ನ ಬಸ್ಸಿನ ಮೇಲೆ ಹಾಕಿಕೊಂಡು ಬಂದೆವು. ರಿಮ್ಮುಗಳು ನೆಗ್ಗಿದ್ದವು. ಹಾಸುಗಲ್ಲಿನ ಮೇಲಿಟ್ಟು, ಕೆಳಗೆ ಕಟ್ಟಿಗೆ ಕೊಟ್ಟು, ಬಡಿದು ಬಡಿದು ದುಂಡಗೆ ಮಾಡಿದ. ಸವೆದ ಟೈರುಗಳಿಗೆ ಹೊಸ ರಬ್ಬರಿನ ರಿಸೋಲ್ ಹಾಕಿಸಿದ.

ಇಷ್ಟಾದರೂ ಅಂಬಾಸಿಡರ್ ಗಾಲಿಯ ತೂತುಗಳಿಗೂ ಈ ಕಾರಿನಲ್ಲಿ ಗಾಲಿ ಕೂರುವ ಹಬ್ಬಿಗೂ ತಾಳಮೇಳವೇ ಇಲ್ಲ. ನಡುವೆ ದಪ್ಪ ಕಬ್ಬಿಣದ ಬಿಲ್ಲೆ ಕೂರಿಸಿ, ಒಂದು ಕಡೆ ಹಬ್ಬಿಗೆ, ಇನ್ನೊಂದು ಕಡೆ ಗಾಲಿಗೆ ಬೋಲ್ಟ್ ಹಾಕಬೇಕಿತ್ತು. ಅದಕ್ಕಾಗಿ ಮಾವ ರಾಯಚೂರು ಸ್ಟೇಶನ್ ಹತ್ತಿರ ಕಬ್ಬಿಣ ಕಡೆಯುವ ಲೇತ್ ಇಟ್ಟಿದ್ದ ಪೀರಾ ಸಾಬ್‌ನ ಬೆನ್ನು ಬಿದ್ದ.

‘ಅರೇ ಸಾಬಣ್ಣ, ಇದೆಲ್ಲ ನವಾಬರ ಶೋಕು. ನಮಗ್ಯಾಕ ಬೇಕು?’

‘ನವಾಬರು ಹ್ವಾದ್ರು, ಕಾರು ಉಳೀತು. ಈಗ ನಂದು. ಬಿಲ್ಲಿ ಮಾಡ್ತೀ ಇಲ್ಲೋ?’

ಪೀರಾ ಸಾಬ್ ಮಾಡಿದ. ಮೊದಲ ಸಲ ಹಾಕಿ ಪೋತ್ನಾಳದ ರಸ್ತೆಯಲ್ಲಿ ಓಡಿಸಿದರೆ ಕಾರು ಕುಡಿದವರ ಹಾಗೆ ಅಲುಗಾಡಿತು. ಬಿಲ್ಲೆಯ ದಪ್ಪ ಒಂದು ಅಂಚಿಗೆ ಹೆಚ್ಚು, ಒಂದು ಅಂಚಿಗೆ ಕಡಿಮೆ. ಮಾವ ಅವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನನ್ನ ಬಸ್ ಹತ್ತಿ, ಪೀರಾ ಸಾಬ್‌ನ ಅಂಗಡಿಯ ಮುಂದೆ ಸುರಿದ.

‘ಬಿಲ್ಲಿ ಮಾಡು ಅಂದ್ರ ರೊಟ್ಟಿ ಬಡದು ಕೊಟ್ಟೀಯಲ್ಲೋ!’

ಇಬ್ಬರೂ ಬಾಯಿಗೆ ಬಂದದ್ದು ಬೈದುಕೊಂಡರು. ಬೈಯುತ್ತಲೇ ಪೀರಾ ಸಾಬ್ ಹೊಸ ಬಿಲ್ಲೆ ಕೊರೆದ, ಬೈಯುತ್ತಲೇ ಮಾವ ಅಳತೆ ಹಿಡಿದ. ಈ ಸಲ ಗಾಲಿ ನೆಟ್ಟಗೆ ತಿರುಗಿತು. ಹಿಂದಿನ ಟೈರು ಮಡ್‌ಗಾರ್ಡಿಗೆ ತಿಕ್ಕುತ್ತಿತ್ತು. ಮಡ್‌ಗಾರ್ಡಿನ ಅಂಚನ್ನು ಮಾವ ಕಾನಸಿನ ಅರದಿಂದ ಉಜ್ಜಿ ಇಳಿಸಿದ. ಗಾಲಿಗೆ ಬಿಳಿ ಬಣ್ಣ ಹಚ್ಚಿದ್ದು ಅಕ್ಕ. ‘ನೆಟ್ಟಗ ಹಚ್ಚು’ ಎಂದ ಮಾವನಿಗೆ ‘ನೆಟ್ಟಗ ಹಚ್ಚಾಕತ್ತೀನಿ, ಕಣ್ಣು ಕಾಣವಲ್ಲವೇನು’ ಎಂದಳು. ಮಹಾನವಮಿಯ ದಿನ ಪೂಜೆ ಮಾಡಿ ಇಬ್ಬರೂ ರಾಯಚೂರಿಗೆ ಹೊರಡುವುದೆಂದು ಓಣಿಗೆಲ್ಲ ಗೊತ್ತಾಗಿತ್ತು.

ಹಬ್ಬದ ಹಿಂದಿನ ದಿನ ಮಾವ ಬ್ರೇಕ್ ಸ್ವಚ್ಛ ಮಾಡಲು ಗಾಲಿಗಳ ಜೊತೆಗೆ ಒಳಗಿನ ಬೋಗುಣಿಯಂಥ ಡ್ರಮ್ಮುಗಳನ್ನೂ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಗೋಣಿಚೀಲದ ಮೇಲೆ ಹರವಿದ್ದ. ಅಷ್ಟರಲ್ಲಿ ಯಾರದೋ ಪಂಪು ನಿಂತಿತೆಂದು ಕರೆ ಬಂತು, ಹೋದ. ಗಾಳಿ ಎದ್ದು ದೂಳು ಬೀಳತೊಡಗಿತು. ಅಕ್ಕ ಹೊರಗೆ ಬಂದು ನೋಡಿದಳು. ನಮ್ಮ ಅಪ್ಪನ ಮನೆಯಲ್ಲಿ ಬಂಡಿಯ ಗಾಲಿ ಬಿಚ್ಚಿದರೆ ಔಡಲೆಣ್ಣೆ ಹಚ್ಚದೆ ತಿರುಗಿ ಹಾಕುತ್ತಿರಲಿಲ್ಲ. ಒಣ ಗಾಲಿ ಏರಿಸಿದವನಿಗೆ ಅಪ್ಪ ಚಬಕದಲ್ಲಿ ಹೊಡೆಯುತ್ತಿದ್ದ. ಎಲ್ಲಿ ಕಬ್ಬಿಣ ತಿಕ್ಕುತ್ತದೋ ಅಲ್ಲಿ ಎಣ್ಣೆ ಬೇಕು, ಅಷ್ಟು ಅವಳಿಗೆ ಗೊತ್ತು. ಡ್ರಮ್ಮಿನ ಒಳಮೈ ತಿಕ್ಕಿ ತಿಕ್ಕಿ ಹೊಳೆಯುತ್ತಿದ್ದುದು ಅವಳಿಗೆ ಕಂಡಿತು. ಅಡುಗೆಮನೆಯಿಂದ ಔಡಲೆಣ್ಣೆಯ ಡಬ್ಬಿ ತಂದು, ಒಂದು ಬಟ್ಟೆಯಲ್ಲಿ ಅದ್ದಿ, ನಾಲ್ಕೂ ಡ್ರಮ್ಮಿನ ಒಳಗೆ ಪ್ರೀತಿಯಿಂದ ಸವರಿ, ದೂಳು ಬೀಳದಂತೆ ಅವುಗಳ ಜಾಗಕ್ಕೆ ತಾನೇ ಏರಿಸಿಟ್ಟಳು.

ಮಾವ ಬಂದಾಗ ಡ್ರಮ್ಮುಗಳು ಕೂತಿದ್ದವು. ದೂಳಿಗೆ ಹೆದರಿ ಮುಚ್ಚಿದ್ದಾಳೆ ಎಂದುಕೊಂಡು, ಮೊದಲ ಸಲ ‘ಛಲೋ ಮಾಡಿದಿ’ ಎಂದು ಬಾಯಿ ಬಿಟ್ಟು ಹೊಗಳಿ ಗಾಲಿ ಬಿಗಿದ. ಪೆಡಲ್ ಒತ್ತಿ ನೋಡಿದ, ಗಟ್ಟಿಯಾಗಿತ್ತು. ಓಡಿಸಿ ನೋಡುವುದು ಪೂಜೆಯ ನಂತರ ಎಂದು ಬಿಟ್ಟ.

ಮಹಾನವಮಿಯ ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆವು. ಆಗ ಬಂತು ಸಾಹುಕಾರನ ಜೀಪು. ಕಾರು ಹೊಳೆಯುತ್ತಿದೆ ಎಂಬ ಸುದ್ದಿ ದೇವದುರ್ಗ ಮುಟ್ಟಿತ್ತು. ಇಳಿದವನು ಕಾರಿನ ಸುತ್ತ ಒಂದು ಸುತ್ತು ಬಂದ.

‘ಭಾಳ ಛಲೋ ಮಾಡೀಯಪಾ ಸಾಬಣ್ಣ. ನಮ್ಮಪ್ಪನ ನೆನಪಿನ ಕಾರು. ಇನ್ನ ನಾ ಒಯ್ತೀನಿ.’

‘ಒಯ್ಯೋದು ಅಂದ್ರೇನ್ರಿ? ನಂದು ಅಂತ ಹತ್ತು ಮಂದಿ ಮುಂದ ಕೊಟ್ಟೀರಿ.’

‘ರಿಪೇರಿ ಮಾಡು ಅಂತ ಕೊಟ್ಟಿದ್ದೆ. ಬರಕೊಟ್ಟೀನೇನು ನಿಂಗ?’

ಕೊಟ್ಟಿಗೆಯಲ್ಲಿ ಕೋಳಿ ಕೂತಿದ್ದಾಗ ಇಲ್ಲದ ಅಪ್ಪನ ನೆನಪು ಬಿಳಿ ಗಾಲಿ ಕಂಡ ಕೂಡಲೇ ಬಂತು ನೋಡಿ! ಇವತ್ತು ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಮಾವ ಕಾರಿನ ಮುಂದೆ ಅಡ್ಡ ನಿಂತ. ಜೀಪಿನಲ್ಲಿ ಬಂದಿದ್ದವರು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದರು, ಬಿಡಿಸಲು ಹೋದ ನನ್ನನ್ನೂ ಗೋಡೆಗೆ ಒತ್ತಿ ಹಿಡಿದರು. ಸಾಹುಕಾರ ಹಾರ ಹಾಕಿದ್ದ ಕಾರಿನಲ್ಲಿ ಕೂತು ಚಾಲೂ ಮಾಡಿದ. ಅಂಥ ಹೊತ್ತಿನಲ್ಲೂ ಮಾವ ಕೂಗಿ ಹೇಳಿದ್ದು ಇದನ್ನು:

‘ಬ್ರೇಕ್ ಇನ್ನಾ ಓಡಿಸಿ ನೋಡಿಲ್ರೀ! ಸಾವಕಾಶ ಹೋಗ್ರಿ!’

‘ನಂಗ ಗಾಡಿ ಹೊಡಿಯೋದು ಕಲಸ್ತೀ ಏನ್ಲೇ?’

ನಮ್ಮ ಓಣಿ ಮುಗಿದ ಮೇಲೆ ಗುಡ್ಡದ ಇಳಿಜಾರು, ಅದರ ಕೆಳಗೆ ತಿರುವು, ತಿರುವಿನಾಚೆ ಭತ್ತದ ಗದ್ದೆ. ಸಾಹುಕಾರ ತಿರುವಿನಲ್ಲಿ ಬ್ರೇಕ್ ತುಳಿದ, ಕಾರು ಕೇಳಲಿಲ್ಲ. ನೆಟ್ಟಗೆ ಗದ್ದೆಗೆ ನುಗ್ಗಿ, ಕೆಸರಿನಲ್ಲಿ ಅರ್ಧ ಹೂತು ನಿಂತಿತು. ಸಾಹುಕಾರನಿಗೆ ಪೆಟ್ಟೇನೂ ಆಗಲಿಲ್ಲ. ಬಿಳಿ ಪಂಚೆಯಿಂದ ಮೀಸೆಯವರೆಗೆ ಕೆಸರಾಯಿತು, ಅಷ್ಟೆ.

ಮಾವ ಓಡಿಹೋದವನು ಸಾಹುಕಾರನನ್ನು ನೋಡಲೇ ಇಲ್ಲ. ಮಂಡಿಯುದ್ದ ಕೆಸರಿನಲ್ಲಿ ನಿಂತು ಒಂದು ಗಾಲಿ ಬಿಚ್ಚಿ ಡ್ರಮ್ ಎಳೆದ. ಬೆರಳಿಗೆ ಹತ್ತಿದ್ದನ್ನು ಮೂಸಿದ. ಮುಖ ಕಪ್ಪಿಟ್ಟಿತು.

‘ಔಡಲೆಣ್ಣಿ ಯಾರು ಹಚ್ಚಿದ್ರು?’

‘ನಾನ,’ ಎಂದಳು ಹಿಂದೆಯೇ ಓಡಿಬಂದಿದ್ದ ಅಕ್ಕ. ‘ಎಣ್ಣಿ ಹಚ್ಚಲಾರದ ಗಾಲಿ ಹಾಕ್ತಾರೇನು?’

‘ಇದು ಹಿಡಿಯೋ ಜಾಗ! ಜಾರೋ ಜಾಗ ಅಲ್ಲ! ನನ್ನ ಕೈಗೆಲಸದ ಮಾನ ತಗದಿ!’

ಮಾವ ಬಾಯಿಗೆ ಬಂದಂತೆ ಕೂಗಾಡಿದ. ಕಾರು ಹೋದುದಕ್ಕಿಂತ, ಸಾಬಣ್ಣ ಮಾಡಿದ ಬ್ರೇಕ್ ಹಿಡಿಯಲಿಲ್ಲ ಎಂದು ಊರು ಆಡಿಕೊಳ್ಳುವುದೇ ಅವನನ್ನು ಸುಡುತ್ತಿತ್ತು. ಆ ಕೂಗಾಟ ಸಾಹುಕಾರನ ಕಿವಿಗೂ ಬಿತ್ತು. ಅವನಿಗೆ ಬೇಕಾದದ್ದು ಸಿಕ್ಕಿತು.

‘ಕೇಳ್ರೆಪಾ! ಈಕಿ ನನ್ನ ಕೊಲ್ಲಾಕಂತ ಎಣ್ಣಿ ಹಚ್ಚ್ಯಾಳ! ಠಾಣೆಕ್ಕ ಕೊಡ್ತೀನಿ!’

ಮಧ್ಯಾಹ್ನ ಹಿರಿಯರು ಗದ್ದೆಯ ಬದಿಯ ಬೇವಿನ ಗಿಡದ ಕೆಳಗೆ ಸೇರಿದರು. ಹಿರಿಯ ಹುಸೇನಪ್ಪ ನಡುವೆ ಕೂತ. ಗಂಡ ಹೆಂಡತಿ ದೂರ ದೂರ ನಿಂತಿದ್ದರು. ಬೆಳಗಿನ ಆ ಕೂಗಾಟದ ನಂತರ ಮಾವ ಅಕ್ಕನೊಡನೆ ಒಂದು ಮಾತೂ ಆಡಿರಲಿಲ್ಲ. ಹುಸೇನಪ್ಪ ಎಲ್ಲರನ್ನೂ ಕೇಳಿ, ಸಾಹುಕಾರನ ಮುಖ ನೋಡಿ ತೀರ್ಪು ಹೇಳಿದ.

‘ನೋಡು ಸಾಬಣ್ಣ, ದೊಡ್ಡವ್ರ ಕೂಡ ಜಗಳ ಬ್ಯಾಡ. ಕಾರು ಅವರದು. ಠಾಣೆ ಗೀಣೆ ಬ್ಯಾಡ ಅಂದ್ರ, ನಿನ್ನ ಹೆಂಡ್ತಿಗಿ ಇಲ್ಲೇ ಎಲ್ಲರ ಮುಂದ ಎರಡು ಬಾರಿಸು. ಅಕಿ ಸಾಹುಕಾರ್ರ ಕಾಲಿಗಿ ಬೀಳ್ಲಿ. ನೀ ಪುಕ್ಕಟ ರಿಪೇರಿ ಮಾಡಿ ಗಾಡಿ ದೇವದುರ್ಗಕ್ಕ ಮುಟ್ಟಿಸು. ಮುಗೀತು.’

ಮಾವ ಅಕ್ಕನ ಕಡೆ ಎರಡು ಹೆಜ್ಜೆ ಇಟ್ಟ. ನನಗೆ ನಿಜವಾಗಿಯೂ ಭಯವಾಯಿತು, ಹೊಡೆದೇಬಿಡುತ್ತಾನೆ ಎನಿಸಿತು.

‘ಅಕಿ ಎಣ್ಣಿ ಹಚ್ಚಿದ್ದಕ್ಕ ನಾ ಅಕಿ ಕೂಡ ಜಗಳ ಆಡ್ತೀನಿ. ಸಾಯೋತನಕ ಆಡ್ತೀನಿ. ಅದು ನಮ್ಮಿಬ್ಬರ ಜಗಳ, ನಿಮಗೇನು ಸಂಬಂಧ?’ ಎಂದ. ‘ನಾ ಹತ್ತು ಮಂದಿ ಮುಂದ ಕೇಳಿ ಇಸ್ಕೊಂಡೀನಿ. ಕೊಟ್ಟ ಮಾತು ಇವರು ನುಂಗ್ಯಾರ, ಅದಕ್ಕ ಇವರಿಗಿ ಯಾರು ಬಾರಿಸ್ತೀರಿ?’

ಹುಸೇನಪ್ಪ ಎಲೆ ಅಡಿಕೆಯ ಚೀಲ ಬಿಚ್ಚಿದ. ಸಾಹುಕಾರ ‘ಕಾರು ನಂದು’ ಎಂದಷ್ಟೇ ಇನ್ನೊಮ್ಮೆ ಹೇಳಿದ.

ಆಗ ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗದ್ದೆಗಿಳಿದು, ಮಾವ ಬೆಳಿಗ್ಗೆ ಅಲ್ಲೇ ಬಿಟ್ಟಿದ್ದ ಪಾನಾ ಎತ್ತಿಕೊಂಡು, ಹಿಂದಿನ ಗಾಲಿಯ ನಟ್ಟಿಗೆ ಹಾಕಿ ಮೈಯ ಭಾರ ಬಿಟ್ಟಳು.

‘ಏಯ್, ಏನ್ ಮಾಡಾಕತ್ತೀ?’ ಸಾಹುಕಾರ ಎದ್ದು ನಿಂತ.

‘ಗಾಲಿ ಬಿಚ್ಚಾಕತ್ತೀನಿ. ಗಾಲಿ ನಮ್ಮವು.’

‘ಗಾಲಿ ಇಲ್ಲದ ಗಾಡಿ ನಾ ಹೆಂಗ ಒಯ್ಯಲಿ?’

‘ಹೆಂಗ ಕೊಟ್ಟಿದ್ರಿ, ಹಂಗ ಒಯ್ರಿ.’

ಬೇವಿನ ಗಿಡದ ಕೆಳಗೆ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಮಂದಿ ನಕ್ಕಿತು, ಹುಸೇನಪ್ಪನ ಎಲೆಯೂ ಬಾಯಿಂದ ಜಾರಿತು. ಸಾಹುಕಾರ ಜೀಪಿನವರನ್ನು ಕರೆದ. ಅವರು ನಗುತ್ತಿದ್ದ ಮಂದಿಯನ್ನು ನೋಡಿ ಕೆಸರಿಗಿಳಿಯಲಿಲ್ಲ. ನಟ್ಟು ಅಕ್ಕನಿಗೆ ಬಗ್ಗುತ್ತಿರಲಿಲ್ಲ. ಮಾವ ಇಳಿದುಹೋಗಿ ಅವಳ ಕೈಯಿಂದ ಪಾನಾ ಕಿತ್ತುಕೊಂಡ.

‘ಆ ಕಡಿ ಅಲ್ಲ, ಈ ಕಡಿ ತಿರುವಬೇಕು. ಸರಿ ಅತ್ಲಾಗ.’

ನಾನೂ ಇಳಿದು ಜ್ಯಾಕಿನ ಕೆಳಗೆ ಕಲ್ಲು ಕೊಟ್ಟೆ. ಬೆಳಿಗ್ಗೆ ಬಿಚ್ಚಿದ್ದು ಬಿಟ್ಟು ಉಳಿದವನ್ನೂ ಒಂದೊಂದೇ ಬಿಚ್ಚಿದೆವು, ಬಿಲ್ಲೆಗಳನ್ನೂ ಬಿಡಲಿಲ್ಲ. ನಾಲ್ಕನೆಯ ಗಾಲಿ ಬಂದಾಗ ಕಾರಿನ ಹೊಟ್ಟೆ ಕೆಸರಿಗೆ ಕೂತಿತು. ಮಾವ ಅದರ ಉದ್ದ ಮೂತಿಯ ಮೇಲೆ ಒಮ್ಮೆ ಅಂಗೈ ಇಟ್ಟ. ಅವನ ಕಣ್ಣು ತುಂಬಿತ್ತು. ಯಾರ ಮೇಲೋ ಸಿಟ್ಟು ಬಂದವನಂತೆ ತೋಳಿನಿಂದ ಒರೆಸಿಕೊಂಡು, ಹಾರವನ್ನು ಕಿತ್ತು ಗದ್ದೆಗೆ ಎಸೆದು, ಮೇಲೆ ಬಂದ.

ಇಳಿಜಾರು ಏರಿ ಓಣಿಯ ನಡುವೆ, ಹಬ್ಬದ ಬಟ್ಟೆ ಉಟ್ಟು ನಿಂತ ಊರಿನ ಮುಂದೆ, ನಾವು ಗಾಲಿ ಉರುಳಿಸಿಕೊಂಡು ಹೊರಟೆವು. ಮಾವನ ಎರಡು ಕೈಗೆ ಎರಡು, ಅಕ್ಕನದು ಒಂದು, ಬಿಲ್ಲೆಗಳ ಚೀಲ ಹೆಗಲಿಗೆ ಹಾಕಿಕೊಂಡ ನನ್ನದು ಒಂದು. ಅವರಿಬ್ಬರೂ ಅಕ್ಕಪಕ್ಕ ನಡೆಯುತ್ತಿದ್ದರು.

‘ಎಣ್ಣಿ ಹಚ್ಚಬ್ಯಾಡ ಅಂತ ಬಾಯಿ ಬಿಟ್ಟು ಹೇಳಿದ್ದೇನು ನೀ?’

‘ಮುಟ್ಟು ಅಂತ ನಿಂಗ ಯಾರು ಹೇಳಿದ್ರು?’

‘ಛಲೋ ಮಾಡಿದಿ ಅಂದಿ ನಿನ್ನೆ!’

‘ಮುಚ್ಚಿದ್ದಕ್ಕ ಅಂದೆ, ಹಚ್ಚಿದ್ದಕ್ಕಲ್ಲ! ಗಾಲಿ ನೆಟ್ಟಗ ಹಿಡಿ, ಗಟಾರಕ್ಕ ಹೊಂಟದ!’

ಮನೆ ಮುಟ್ಟುವವರೆಗೂ ಅವರ ಬಾಯಿ ನಿಲ್ಲಲಿಲ್ಲ.