ಕೆಂಪು ಶಾಯಿ, ನೀಲಿ ಶಾಯಿ

ಮುಂದಿನ ತಿರುವಿನಲ್ಲಿ ಲಾರಿಯೊಂದು ಸಿಕ್ಕಿಕೊಂಡು ನಮ್ಮ ಬಸ್ಸು ದಿಂಬಂ ಘಟ್ಟದಲ್ಲಿ ನಿಂತುಬಿಟ್ಟಿತ್ತು. ಮರುದಿನ ಮೈಸೂರಿನಲ್ಲಿ ನನಗೆ ಸ್ಪ್ಯಾನಿಷ್ ಪರೀಕ್ಷೆ. ಜೀವವಿಲ್ಲದ ವಸ್ತುಗಳಿಗೂ ಗಂಡು-ಹೆಣ್ಣು ಇರುವ ಆ ಭಾಷೆಯಲ್ಲಿ ನಾಮಪದಗಳ ಲಿಂಗ ತಪ್ಪಿ ಒಮ್ಮೆ ಫೇಲಾಗಿದ್ದೆ. ಈ ಸಲವೂ ಫೇಲಾದರೆ ಅನುವಾದಕನ ಕೆಲಸ ಹೋಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಪುಲ್ಲಿಂಗವನ್ನು ನೀಲಿಯಲ್ಲಿ, ಸ್ತ್ರೀಲಿಂಗವನ್ನು ಕೆಂಪಿನಲ್ಲಿ ಬರೆದು ಪಕ್ಕದಲ್ಲಿ ಕನ್ನಡದ ಅರ್ಥ ಹಾಕಿಕೊಂಡಿದ್ದೆ. ದಣಿದ ತಲೆಯಲ್ಲಿ ಒಂದೂ ನಿಲ್ಲುತ್ತಿರಲಿಲ್ಲ.

ಪಕ್ಕದ ಸೀಟಿನ ತಾಳವಾಡಿಯ ಅಜ್ಜಿ ಎಲ್ಲವನ್ನೂ ವಿಚಾರಿಸಿಕೊಂಡರು. “ಮೇಜು ಎಣ್ಣಾ? ಯಾರಪ್ಪ ನೋಡ್ದೋರು?” ಎನ್ನುತ್ತ ನೋಟ್‌ಬುಕ್ ಕಿತ್ತುಕೊಂಡು, ಕನ್ನಡ ಓದಿ, ಬಣ್ಣ ನೋಡಿ ನನ್ನನ್ನು ಕೇಳತೊಡಗಿದರು.

“ಕೈ?”

“ಗಂಡು.”

“ಕೆಂಪ್ಗೆ ಬರ್ದಿದ್ದೀಯ. ತಪ್ಪು.”

“ಅಮ್ಮ, ಆ ಪದ ‘ಓ’ ಅಂತ ಮುಗಿಯುತ್ತೆ, ನಿಯಮದ ಪ್ರಕಾರ ಗಂಡೇ. ಇದೊಂದು ಅಪವಾದ. ಅರ್ಧ ಅಂಕವಾದರೂ ಕೊಡಿ.” ಹಾಗೆ ನಾನು ಜನ್ಮದಲ್ಲಿ ಯಾರನ್ನೂ ಬೇಡಿದವನಲ್ಲ.

“ನೀನೇ ಬರ್ಕೊಂಡು ನೀನೇ ತಪ್ಪೇಳ್ತೀಯಲ್ಲಪ್ಪ. ಮೊದ್ಲಿಂದ ಏಳು.”

ತಾಳವಾಡಿ ಮುಟ್ಟಿದಾಗಲೂ ಎರಡು ತಪ್ಪು ಉಳಿದಿದ್ದವು. ಅವರು ನೋಟ್‌ಬುಕ್ ಕೊಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಪಟ್ಟಿ ಪೂರ್ತಿ ಒಪ್ಪಿಸಿದ ಮೇಲೆಯೇ ಚಾಮರಾಜನಗರದ ಬಸ್ಸು ಹತ್ತಿದೆ.

ಪಾಸಾದೆ. ಮೈಸೂರಿನ ಪರೀಕ್ಷಕರ ಶಿಸ್ತು ಮಾತ್ರ ನನಗೆ ಸ್ವಲ್ಪ ಸಡಿಲವೆನಿಸಿತು.