ಭರಣಿಗೆ ಹಳ್ಳ ಹರಿಯದು

ಅವ್ವ ಮಳೆಗಳನ್ನು ನಕ್ಷತ್ರದ ಹೆಸರು ಹಿಡಿದು ಕರೆಯುತ್ತಿದ್ದಳು, ಮನೆಗೆ ಬರುವ ನೆಂಟರನ್ನು ಕರೆಯುವ ಹಾಗೆ. ಏಪ್ರಿಲ್ ಕೊನೆಯ ಭರಣಿ ಅವಳ ಪಾಲಿಗೆ ಕೂಸು. ಎಳ್ಳು ಬಿತ್ತುವಷ್ಟು ನೆಲ ನೆನೆಸಿ ಹೋಗುವ ಮಳೆ. "ಬರಣಿಗೆ ಅಳ್ಳ ಅರಿಯಾಕಿಲ್ಲ" ಎಂಬ ಅವಳ ಮಾತು ಕೇಳಿಕೊಂಡೇ ನಾನು ಡಿಗ್ರಿ ಮುಗಿಸಿದ್ದೆ.

ಆ ವರ್ಷ ಭರಣಿಯಲ್ಲಿ ನಾವಿಬ್ಬರೂ ತಿ. ನರಸೀಪುರದಿಂದ ಬಿತ್ತನೆ ಎಳ್ಳು ತರುತ್ತಿದ್ದೆವು. ಬಸ್ಸು ಇಳಿದರೆ ಒಂದು ಎಸ್‌ಟಿಡಿ ಬೂತಿನ ಅಂಗಡಿ, ಅದರ ಕೆಳಗೆ ಒಣಗಿದ ಹಳ್ಳ, ಆಚೆ ದಡದಲ್ಲಿ ನಮ್ಮೂರು. ಮೂರು ಗಂಟೆಯ ಬಿಸಿಲು. ದೂರ ನಂಜನಗೂಡಿನ ಕಡೆ ಮಾತ್ರ ಮೋಡ ಕಪ್ಪಗೆ ನಿಂತಿತ್ತು.

ಅವ್ವ ದಡದಲ್ಲೇ ನಿಂತಳು. "ಮಣ್ಣಿನ ವಾಸ್ನೆ ಬತ್ತಾ ಅದೆ. ಒಸಿ ಇರವ್ವ."

ನನಗೆ ಕಾಲು ಸುಡುತ್ತಿತ್ತು. "ಬರಣಿಗೆ ಅಳ್ಳ ಅರಿಯಾಕಿಲ್ಲ, ನೀನೇ ಏಳಿದ್ದು ಕಣವ್ವ!" ಎಂದು ಅವಳದೇ ದನಿಯಲ್ಲಿ ಅಣಕಿಸಿದೆ. ಅವಳು ನಕ್ಕಳು. ಇಳಿದಳು.

ನಡು ಹಳ್ಳದಲ್ಲಿದ್ದಾಗ ಗಾಡಿ ಉರುಳಿದಂಥ ಸದ್ದು. ತಿರುಗಿ ನೋಡುವಷ್ಟರಲ್ಲಿ ಕೆಂಪು ನೀರು, ಮುಳ್ಳುಕಂಟಿ ಹೊತ್ತುಕೊಂಡು, ಮೊಣಕಾಲಿಗೆ, ಸೊಂಟಕ್ಕೆ. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅವ್ವ ಹಳ್ಳದ ನಡುವಿನ ದಿಬ್ಬದ ಮೇಲಿದ್ದ ಹೊಂಗೆಯ ಬೇರು ಹಿಡಿದಿದ್ದಳು, ನಾನು ಅವಳ ಸೆರಗು. ಆ ಮೊರೆತದಲ್ಲಿ ಸೆರಗು ಹರಿಯುವ ಸದ್ದು ಕೇಳಿಸಿರಲು ಸಾಧ್ಯವಿಲ್ಲ. ಆದರೂ ಈಗಲೂ ಕೇಳಿಸುತ್ತದೆ.

ಅಂಗಡಿಯವನು ತನ್ನ ಹಸುವಿನ ಹಗ್ಗ ಬಿಚ್ಚಿ ಎಸೆದ. ನಮ್ಮನ್ನು ಎಳೆದು ಹಾಕಿ, ಏದುಸಿರಿನಲ್ಲೇ ನನ್ನನ್ನು ಬೈದ: "ಓದ್ದೋಳು ನೀನು, ತಲೇಲಿ ಏನ್ ಎಳ್ಳು ತುಂಬ್ಕಂಡಿದ್ದೀಯಾ?"

"ಅವ್ಳನ್ನ ಬೈಬ್ಯಾಡ ಕಣಪ್ಪ," ಅವ್ವ ಕೆಮ್ಮುತ್ತ ಹೇಳಿದಳು. "ಮಾತು ನಂದು."

'ಹವಾಮಾನ ಬದಲಾವಣೆ' ಎಂಬ ಪದವನ್ನು ನಾನು ಪತ್ರಿಕೆಯಲ್ಲಿ ಓದಿದ್ದು ಆಮೇಲೆ. ಆ ಒಂದು ನೀರಿಗೆ ಅದೇ ಕಾರಣವೋ, ಗೊತ್ತಿಲ್ಲ. ಆದರೆ ಮುಂದಿನ ವರ್ಷಗಳಲ್ಲಿ ಒಮ್ಮೆ ಭರಣಿಯೇ ಬರಲಿಲ್ಲ, ಒಮ್ಮೆ ಬಂದು ಬಿತ್ತಿದ್ದನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಬಿತ್ತನೆಗೆ ಮುಂಚೆ ಅವ್ವನನ್ನು ಕೇಳಲು ಬರುತ್ತಿದ್ದ ನೆರೆಯ ಹೆಂಗಸರಿಗೆ ಅವಳು ಏನೂ ಹೇಳದಾದಳು.

ಊರಿಗೆ ಹೋದಾಗ ಮಳೆ ಹಿಡಿದರೆ ನಾನು ಬೇಕೆಂದೇ ಕೇಳುತ್ತೇನೆ: "ಇದು ಯಾವ ಮಳೆ ಅವ್ವಾ?"

ಅವಳು ಸೂರಿನಾಚೆ ಕೈಚಾಚಿ ನೋಡುತ್ತಾಳೆ, ಬಾಗಿಲಿಗೆ ಬಂದವರ ಗುರುತು ಸಿಗದವಳ ಹಾಗೆ.

"ಮಳೆ ಕಣವ್ವ," ಎನ್ನುತ್ತಾಳೆ. "ಇವತ್ತು ಇಲ್ಲೇ ಇರು."