ಏಳಿ ಮೇಡಂ ಮತ್ತು ಅರ್ಧ ಕಟಿಂಗ್

ನಮ್ಮ ಆಸ್ಪತ್ರೆಗೆ ಬರುವವರು ಗುಣವಾಗಿ ಮನೆಗೆ ಹೋಗಲು ಬರುವವರಲ್ಲ. ಇನ್ನು ಯಾವ ಔಷಧಿಯೂ ನಾಟುವುದಿಲ್ಲ ಎಂದಾದ ಮೇಲೆ, ಇರುವಷ್ಟು ದಿನ ನೋವಿಲ್ಲದೆ ಇರಲಿ ಎಂದು ಮನೆಯವರು ಕರೆತರುತ್ತಾರೆ. ಇಂಥ ಕಡೆ ವ್ಯಾಯಾಮ ಮಾಡಿಸುವವಳಿಗೆ ಏನು ಕೆಲಸ, ನೀವೇ ಹೇಳಿ. ಅವಳು ಬಂದ ದಿನವೇ ನಾನು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟೆ. ನಾನು ಇಲ್ಲಿನ ಹಿರಿಯ ಸಿಸ್ಟರ್. ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುವ ಸ್ವಭಾವ ನನ್ನದಲ್ಲ.

"ಸಾಯೋವರೆಗೂ ಬದುಕೇ ಇರ್ತಾರಲ್ವಾ ಸಿಸ್ಟರ್? ಅಲ್ಲೀವರೆಗೆ ನನಗೆ ಕೆಲಸ ಇದೆ," ಎಂದಳು ಆ ಫಿಸಿಯೋ ಹುಡುಗಿ.

ಬಾಯಿ ಜೋರು ಎಂದು ಅಂದೇ ಗೊತ್ತಾಯಿತು. ವಾರ್ಡಿಗೆ ಕಾಲಿಟ್ಟರೆ ಅವಳ ಮೊದಲ ಮಾತು "ಏಳಿ ಏಳಿ!" ಅದಕ್ಕೇ ಅವಳ ಹೆಸರು ಏಳಿ ಮೇಡಂ ಎಂದಾಯಿತು. ಒಮ್ಮೆ ಮೀಟಿಂಗಿನಲ್ಲಿ ಅಭ್ಯಾಸಬಲದಿಂದ ಆಡಳಿತಾಧಿಕಾರಿಗೂ "ಏಳಿ" ಎಂದುಬಿಟ್ಟಳು. ಪಾಪ, ಅವರು ಎದ್ದು ನಿಂತರು.

ಆಮೇಲೆ ಕೊರೊನಾ ಬಂತು. ನಾವೆಲ್ಲ ತಲೆಯಿಂದ ಕಾಲಿನವರೆಗೆ ಬಿಳಿ ಗೌನು ತೊಟ್ಟು, ಮಾಸ್ಕು ಬಿಗಿದುಕೊಂಡು ಯಾರು ಯಾರೆಂದು ತಿಳಿಯದ ಹಾಗಾದೆವು. ಒಬ್ಬ ಅಜ್ಜಿ ದೊಡ್ಡ ಡಾಕ್ಟರನ್ನೇ ಕರೆದು ಮಂಚದ ಕೆಳಗೆ ಒರೆಸಲು ಹೇಳಿದರು. ಏಳಿ ಮೇಡಂ ಗುರುತು ಮಾತ್ರ ಬಾಗಿಲಲ್ಲೇ ಸಿಗುತ್ತಿತ್ತು. ಆ ಕೂಗಿಗೆ ಯಾವ ಮಾಸ್ಕೂ ಅಡ್ಡ ಬರಲಿಲ್ಲ.

ಆ ದಿನಗಳಲ್ಲೇ ಕಟಿಂಗ್ ಯಜಮಾನರು ಬಂದರು. ಜೀವನವಿಡೀ ಸ್ವಂತ ಕಟಿಂಗ್ ಅಂಗಡಿ ನಡೆಸಿದವರು. ಈಗ ಶ್ವಾಸಕೋಶದಲ್ಲಿ ಗಡ್ಡೆ. ಎದ್ದು ಕೂತರೆ ಏದುಸಿರು, ಮಾತಾಡಿದರೆ ಕೆಮ್ಮು. ಆದರೂ ಕೆಲಸದ ಕಣ್ಣು ಮಾತ್ರ ಹಾಗೇ ಇತ್ತು. ಊರಿನ ಅಂಗಡಿಗಳೆಲ್ಲ ಮುಚ್ಚಿ ನಮ್ಮ ಗಂಡಸರ ತಲೆಗಳು ಪೊದೆಯಾಗಿದ್ದವು. ರೌಂಡಿಗೆ ಬಂದ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಇವರು ಡಾಕ್ಟರ ಕಿವಿಯ ಹಿಂದೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

"ನಿಮಗೆ ಏನು ಮಾಡೋ ಆಸೆ ಇದೆ ಹೇಳಿ," ಎಂದು ಏಳಿ ಮೇಡಂ ಕೇಳಿದಳು. ಎಲ್ಲರನ್ನೂ ಅವಳು ಮೊದಲು ಕೇಳುವುದು ಅದನ್ನೇ.

"ನನ್ನ ತಮ್ಮನ ತಲೆ ಒಂದ್ಸಲ ನೆಟ್ಟಗೆ ಮಾಡ್ಬೇಕು," ಎಂದರು ಯಜಮಾನರು.

ಕತೆ ಏನೆಂದರೆ, ತಮ್ಮನದೂ ಕಟಿಂಗ್ ಅಂಗಡಿ, ಇವರ ಅಂಗಡಿಯ ಎದುರಿಗೇ. ಅಪ್ಪನ ತಿರುಗುವ ಕುರ್ಚಿ ಯಾರಿಗೆ ಎಂದು ಜಗಳವಾಗಿ, ಕುರ್ಚಿ ಅಣ್ಣನಿಗೆ ಉಳಿದು, ಮಾತು ನಿಂತು ಯಾವ ಕಾಲವಾಯಿತೋ. ಆದರೆ ಯಾರಿಗೂ ತಂತಮ್ಮ ಕೂದಲು ತಾವೇ ಕತ್ತರಿಸಿಕೊಳ್ಳಲು ಆಗುವುದಿಲ್ಲ. ಬೇರೆಯವರ ಕತ್ತರಿಯ ಮೇಲೆ ಇಬ್ಬರಿಗೂ ನಂಬಿಕೆಯಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ತಮ್ಮ ರಸ್ತೆ ದಾಟಿ ಬಂದು ಕೂರುವುದು, ಇನ್ನೊಂದು ದಿನ ಅಣ್ಣ ರಸ್ತೆ ದಾಟಿ ಹೋಗಿ ಕೂರುವುದು. ಮಾತಿಲ್ಲ, ಕತೆಯಿಲ್ಲ. ಕಟಿಂಗ್ ಮುಗಿದರೆ ಎದ್ದು ನಡೆಯುವುದು. ಈಗ ಅಣ್ಣ ಮಲಗಿದ ಮೇಲೆ ತಮ್ಮನ ಕೂದಲು ಹೆಗಲಿಗೆ ಬಂದಿದೆ ಎಂದು ಯಜಮಾನರ ಹೆಂಡತಿ ಫೋನಿನಲ್ಲಿ ಹೇಳಿದ್ದರಂತೆ.

"ನಿಂತ್ಕೊಂಡೇ ಮಾಡ್ಬೇಕಮ್ಮ. ಕೂತು ಕತ್ತರಿ ಹಿಡಿಯೋ ಕೆಲಸ ನನ್ನಿಂದಾಗಲ್ಲ," ಎಂದು ಸೇರಿಸಿದರು. ಆ ಮನುಷ್ಯನಿಗೆ ಮಂಚದ ಅಂಚಿನಲ್ಲಿ ಕೂರುವುದೇ ಬೆಟ್ಟ ಹತ್ತಿದ ಹಾಗಿತ್ತು.

"ಅದಕ್ಕೇನಂತೆ, ಏಳಿ!" ಎಂದಳು ಇವಳು.

ನನಗೆ ಮೈ ಉರಿದುಹೋಯಿತು. ಇಲ್ಲದ ಆಸೆ ಹುಟ್ಟಿಸಬೇಡ ಎಂದು ಹೊರಗೆ ಕರೆದು ಬೈದೆ. "ಆಸೆ ಅವರದೇ ಸಿಸ್ಟರ್, ನಾನು ಹುಟ್ಟಿಸಿದ್ದಲ್ಲ," ಎಂದು ಒಳಗೆ ಹೋದಳು.

ಉಸಿರು ಹಿಡಿತಕ್ಕೆ ತರುವುದನ್ನು ಅವಳು ಕಲಿಸಿದ್ದು ಹೇಗೆ ಗೊತ್ತೇ? "ಗಿರಾಕಿ ಕತ್ತಿನ ಮೇಲೆ ಉದುರಿದ ಕೂದಲು ಊದ್ತೀರಲ್ಲ, ಹಾಗೆ ಮೆಲ್ಲಗೆ ಊದಿ." ಯಜಮಾನರಿಗೆ ತಕ್ಷಣ ಅರ್ಥವಾಯಿತು. ಕೂತು ಊದಿದರು, ವಾಕರ್ ಹಿಡಿದು ನಿಂತು ಊದಿದರು. ನಿಲ್ಲಲು ಬಂದ ಮೇಲೆ ಕೈಗೆ ಕತ್ತರಿ. ಕುರ್ಚಿಗೆ ನೆಲ ಒರೆಸುವ ಮಾಪನ್ನು ತಲೆಕೆಳಗಾಗಿ ಕಟ್ಟಿ, ಅದಕ್ಕೊಂದು ಟವೆಲ್ ಹೊದಿಸಿ ಗಿರಾಕಿ ಮಾಡಿದಳು. ಮಾಪಿಗೆ ಅಚ್ಚುಕಟ್ಟಾದ ಕಟಿಂಗ್ ಆಯಿತು. ಮರುದಿನ ಆಯಾ ಬಂದು ನೋಡಿ, "ಇದರಲ್ಲಿ ಏನನ್ನ ಒರೆಸ್ಲಿ, ನನ್ನ ಹಣೆಬರಹಾನಾ?" ಎಂದು ರಂಪ ಮಾಡಿದಳು.

ಮಾಪು ಮುಗಿದ ಮೇಲೆ ಏಳಿ ಮೇಡಂ ತಾನೇ ತಲೆ ಕೊಟ್ಟು ಕೂತಳು. ಯಜಮಾನರಿಗೆ ಬರುತ್ತಿದ್ದುದು ಗಂಡಸರ ಕಟಿಂಗ್ ಒಂದೇ. ಉದ್ದ ಜಡೆಯ ಹುಡುಗಿ ಎದ್ದಾಗ ಪೊಲೀಸ್ ಟ್ರೈನಿಂಗಿಗೆ ಹೊರಟವಳ ಹಾಗೆ ಕಾಣುತ್ತಿದ್ದಳು. ಕನ್ನಡಿ ನೋಡಿ, "ಫ್ಯಾನು ಬೇಡ ಇನ್ಮೇಲೆ," ಎಂದಳು, ಅಷ್ಟೆ. ಯಜಮಾನರ ಕೈ ಸೋತ ದಿನ ಅವರ ಕೈ ಕೆಳಗೆ ತನ್ನ ಕೈ ಕೊಟ್ಟು ಕತ್ತರಿ ಆಡಿಸುವಳು, ಅವರು "ಬಾಚಣಿಗೆ ಮುಂದೆ, ಕತ್ತರಿ ಹಿಂದೆ! ಹುಲ್ಲು ಕೊಯ್ತಿದೀಯಾ?" ಎಂದು ಗದರುವರು.

ಆಮೇಲೆ ಡಾಕ್ಟರ ಸರದಿ. ಕಿವಿಯ ಸುತ್ತ ಒಂದೇ ಬೀಸಿಗೆ ಕತ್ತರಿಸಿಕೊಂಡು ಹೋಗುವುದು ಯಜಮಾನರ ಹಳೆಯ ಅಭ್ಯಾಸ. ಅವರ ಕಾಲದಲ್ಲಿ ಕಿವಿಯ ಹಿಂದೆ ದಾರ ಯಾರಿಗಿತ್ತು? ಡಾಕ್ಟರು ಸೋಂಕಿನ ಎಚ್ಚರಿಕೆಯ ಬಗ್ಗೆ ನನಗೆ ಪಾಠ ಹೇಳುತ್ತಿರುವಾಗಲೇ ಮಾಸ್ಕಿನ ದಾರ ತುಂಡಾಗಿ ಮಾಸ್ಕು ಅವರ ಮಡಿಲಿಗೆ ಬಿತ್ತು. ಅಲ್ಲಿಂದ ಯಜಮಾನರ ಕೈಗೆ ತಲೆ ಕೊಟ್ಟವರೆಲ್ಲ ಇನ್ನೊಂದು ಮಾಸ್ಕು ಜೇಬಿನಲ್ಲಿಟ್ಟುಕೊಂಡೇ ಕೂರುತ್ತಿದ್ದರು.

ಕೊನೆಗೆ ತಮ್ಮನಿಗೆ ಹೇಳಿ ಕಳಿಸಿದರು. ಭೇಟಿಗೆ ನಮ್ಮಲ್ಲಿ ಕಟ್ಟುನಿಟ್ಟು: ಹೊರಗಿನ ಅಂಗಳದಲ್ಲಿ, ಒಬ್ಬರೇ, ಆರಡಿ ದೂರ. ಆ ನಿಯಮ ಕಾಯುವುದು ನನ್ನ ಕೆಲಸ.

"ಆರಡಿ ಕತ್ತರಿ ಎಲ್ಲಿದೆಯಮ್ಮ?" ಎಂದು ಕೇಳಿದೆ.

"ಸಿಸ್ಟರ್, ದೂರ ಯಾಕೆ? ಮಾತಾಡಿದ್ರೆ ಸೋಂಕು ಹಾರುತ್ತೆ ಅಂತ. ಇವರಿಬ್ಬರೂ ಮಾತೇ ಆಡಲ್ಲ! ಇಡೀ ಊರಲ್ಲಿ ಇವರಷ್ಟು ಸುರಕ್ಷಿತವಾದ ಜೋಡಿ ಇನ್ನೊಂದಿಲ್ಲ."

ಇಂಥ ವಾದಕ್ಕೆ ಏನು ಹೇಳುತ್ತೀರಿ? ಆದರೆ ಯಜಮಾನರ ಕಾಲು ಊದಿದ್ದನ್ನು ನಾನು ಬೆಳಿಗ್ಗೆ ನೋಡಿದ್ದೆ. ಇದು ತಪ್ಪಿದರೆ ಮತ್ತೆ ನಿಲ್ಲುವ ದಿನ ಬಾರದು ಎಂದು ನನಗೂ ಗೊತ್ತಿತ್ತು. "ಆಯ್ತು, ಬೇಗ ಮುಗಿಸಿ," ಎಂದೆ.

ತಮ್ಮ ಬಂದು ಕುರ್ಚಿಯಲ್ಲಿ ಕೂತ. ಯಜಮಾನರು ವ್ಹೀಲ್‌ಚೇರಿನಿಂದ ಎದ್ದು ನಿಂತರು. ಏಳಿ ಮೇಡಂ ಹಿಂದೆ ನಿಂತು ಅವರ ಮಂಡಿಗೆ ತನ್ನ ಮಂಡಿ ಒತ್ತಿದಳು. ಎಡಗಡೆ ಚೆನ್ನಾಗಿಯೇ ಸಾಗಿತು. ಆಗ ತಮ್ಮ ಕೊಂಚ ಹಿಂದೆ ತಿರುಗಿದ.

"ತಲೆ ಅಲ್ಲಾಡಿಸ್ಬೇಡ," ಎಂದರು ಯಜಮಾನರು.

ಎಷ್ಟು ವರ್ಷಗಳ ಮೇಲಿನ ಮೊದಲ ಮಾತು! ತಮ್ಮನ ಹೆಗಲು ಅದುರತೊಡಗಿತು.

"ಅಪ್ಪನ ಕುರ್ಚಿ ತಗೊಂಡು ಹೋಗು," ಎಂದರು ಅಣ್ಣ.

"ಸ್ಪ್ರಿಂಗ್ ಮುರಿದು ಯಾವ ಕಾಲ ಆಯ್ತು. ಯಾರಿಗೆ ಬೇಕು ಆ ದರಿದ್ರ ಕುರ್ಚಿ!" ಎಂದು ತಮ್ಮ ಗೊಳೋ ಎಂದು ಅತ್ತ. ಮಾತು ಶುರುವಾಯಿತಲ್ಲ, ನಿಯಮದ ಪ್ರಕಾರ ನಾನು ತಡೆಯಬೇಕಿತ್ತು. ಗಿಡಕ್ಕೆ ನೀರು ಹಾಕುವವಳ ಹಾಗೆ ಆ ಕಡೆ ತಿರುಗಿ ನಿಂತೆ. ನನ್ನ ಕಣ್ಣೂ ಸರಿಯಿರಲಿಲ್ಲ.

ಅಷ್ಟರಲ್ಲಿ ಯಜಮಾನರ ಕಾಲು ಸೋತಿತು. "ಬಲಗಡೇದು ಮುಂದಿನ ವಾರ," ಎಂದು ಅವರು ವ್ಹೀಲ್‌ಚೇರಿನಲ್ಲಿ ಕುಸಿದರು. ತಮ್ಮ ಅರ್ಧ ತಲೆಯಲ್ಲೇ ಎದ್ದು ಹೊರಟ. ಒಂದು ಟೋಪಿ ಕೊಡಲು ಹೋದೆ, ಬೇಡವೆಂದ.

ಮುಂದಿನ ವಾರದವರೆಗೆ ಯಜಮಾನರು ಉಳಿಯಲಿಲ್ಲ. ನೋವಿಲ್ಲದೆ, ನಿದ್ದೆಯಲ್ಲೇ ಹೋದರು.

ಅವರ ಬಟ್ಟೆಬರೆ ಒಯ್ಯಲು ತಮ್ಮ ಬಂದಾಗ ನೋಡಿದರೆ ತಲೆ ಹಾಗೇ ಇದೆ, ಒಂದು ಕಡೆ ಕಟಿಂಗ್, ಇನ್ನೊಂದು ಕಡೆ ಹೆಗಲಿನವರೆಗೆ ಕೂದಲು. ಅದೇ ತಲೆಯಲ್ಲಿ ಅಣ್ಣನಿಗೆ ಹೆಗಲು ಕೊಟ್ಟನಂತೆ. ಗಂಟು ಕೈಗೆ ಕೊಟ್ಟರೂ ಹೊರಡಲಿಲ್ಲ. ಅಂಗಳದ ಕುರ್ಚಿಯಲ್ಲಿ ಹೋಗಿ ಕೂತ.

"ಮೇಡಂ, ಅಣ್ಣ ನಿಮಗೆ ಕೈ ಹಿಡಿದು ಕಲಿಸಿದ್ದಾನಂತೆ. ಬಲಗಡೆ ಮುಗಿಸಿ," ಎಂದ.

ಏಳಿ ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳು ಹಾಗೆ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೇ ಬೆನ್ನ ಮೇಲೆ ತಟ್ಟಿ, "ಏಳಮ್ಮ, ಏಳು," ಎಂದೆ.

ಬಾಚಣಿಗೆ ಮುಂದೆ, ಕತ್ತರಿ ಹಿಂದೆ. ಕಣ್ಣು ಮಂಜಾಗಿತ್ತೋ ಏನೋ, ಕಿವಿಯ ಹತ್ತಿರ ಬಂದಾಗ ಅವಳು ಕೂದಲಿನ ಜೊತೆ ಮಾಸ್ಕಿನ ದಾರವನ್ನೂ ಕತ್ತರಿಸಿಬಿಟ್ಟಳು. ಮಡಿಲಿಗೆ ಬಿದ್ದ ಮಾಸ್ಕನ್ನು ನೋಡಿ ತಮ್ಮ, "ಥೇಟ್ ಅಣ್ಣನ ಕೈಯೇ," ಎಂದ. ಇನ್ನೊಂದು ಮಾಸ್ಕು ತರಲು ನಾನು ಒಳಗೆ ಹೋದೆ.